ಕಾಕೂನ ಚಿಪ್ಪಿನ ಸುಣ್ಣ

ನಮ್ಮ ಕಾಕೂ ವೀಳ್ಯದೆಲೆಗೆ ಚಿಪ್ಪಿನ ಸುಣ್ಣ ಸವರಿ, ಬಾಯಿಗಿಟ್ಟು, ಕಣ್ಣು ಮುಚ್ಚುತ್ತಿದ್ದಳು. ಸ್ವಲ್ಪ ಹೊತ್ತು ಅಗಿದು, ಬಾಗಿಲಿಗೆ ಬಂದವರು ಬೇರೆ ಯಾರೋ ಎಂದು ತಿಳಿದವಳ ಹಾಗೆ, "ಇವರಲ್ಲ" ಎನ್ನುತ್ತಿದ್ದಳು. ಗಂಡ, ಅಂದರೆ ನಮ್ಮ ಕಾಕಾ, ತೀರಿಕೊಂಡ ಮೇಲೆ ಹತ್ತಿದ ಚಟ ಅದು.

ಅಕ್ಕಲಕೋಟೆಯ ಸಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದ ಗಟ್ಟಿ ಹೆಂಗಸು. ಯಾರಿಗೂ ತಲೆಬಾಗಿದವಳಲ್ಲ, ಕಾಕಾ ಎದುರು ಬಂದಾಗ ಮಾತ್ರ ಸೆರಗು ತಲೆಯ ಮೇಲೆ ಬರುತ್ತಿತ್ತು. ಅಂಥವಳಿಗೆ ಹುಚ್ಚು ಎನ್ನಲು ನಮಗೆ ಬಾಯಿ ಬರಲಿಲ್ಲ. ಸೊಲ್ಲಾಪುರದ ನಮ್ಮ ಅಂಗಡಿಯಿಂದ ಕೊಂಕಣದ ಸುಣ್ಣದ ಡಬ್ಬಿ ಒಯ್ದುಕೊಡುತ್ತಿದ್ದ ನಾನು ಒಮ್ಮೆ, ಸುಣ್ಣದಲ್ಲಿ ಯಾರನ್ನು ಹುಡುಕುತ್ತೀ ಎಂದು ಕೇಳಿಯೇಬಿಟ್ಟೆ. ಪಾಠ ಸುರುವಾಯಿತು.

"ಎಲುಬಿನಾಗ ಏನೈತಿ? ಕ್ಯಾಲ್ಸಿಯಂ. ಅದು ನೀರಾಗ ಕರಗಿ ಸಮುದ್ರ ಸೇರತೈತಿ. ಅಲ್ಲಿ ಸಣ್ಣ ಜೀವ ಅದನ್ನ ಹೀರಿ ಚಿಪ್ಪು ಕಟ್ಟಿಕೋತಾವ. ಆ ಚಿಪ್ಪು ಸುಟ್ರ ಈ ಸುಣ್ಣ. ಸತ್ತು ಭಾಳ ಆಳಕ್ಕ ಇಳದ್ವು ಅಂದ್ರ, ಆ ಥಂಡಿ ಕತ್ತಲದಾಗ ಚಿಪ್ಪು ಮತ್ತ ಕರಗತೈತಿ. ಯಾರೂ ಎಲ್ಲಿಗೂ ಹೋಗಂಗಿಲ್ಲ ತಮ್ಮಾ. ತಿರಗಾಡಕೋತ ಇರ್ತಾರ."

"ನಮ್ಮ ಹೊಳಿ ಮೂಡಣ ಸಮುದ್ರಕ್ಕ ಹೋಗತೈತಿ, ಈ ಸುಣ್ಣ ಪಡುವಣದ್ದಲ್ಲೇನ್ರಿ ಕಾಕೂ?" ಎಂದೆ.

"ಹುಚ್ಚಪ್ಪಾ, ಸಮುದ್ರಕ್ಕ ಗ್ವಾಡಿ ಅದಾವೇನು? ಎಲ್ಲಾ ಕಡಿ ಕಲತು ಒಂದಾಗತೈತಿ. ಲಕ್ಷ ವರ್ಷ ಹಿಡಿಲಿ, ನನಗೇನು ಗಡಬಡಿ?"

ಆದರೆ ಕಾಕಾ ಹೊಳೆಯನ್ನೇ ಸೇರಿರಲಿಲ್ಲ. ಅಸ್ಥಿ ಬಿಡಲು ಹೆಂಗಸರು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಹೋದ ಗಂಡಸರು, ನೀರೆಂದರೆ ನೀರು ಎಂದು, ಕುರನೂರ ಅಣೆಕಟ್ಟಿನ ಹಿಂದಿನ ನಿಂತ ನೀರಿನಲ್ಲಿ ಬಿಟ್ಟು ಬಂದಿದ್ದರು. ಅದು ತಿಳಿದ ದಿನ ಕಾಕೂ ಕಾಕಾ ಸತ್ತ ದಿನಕ್ಕಿಂತ ಹೆಚ್ಚು ಅತ್ತಳು. "ಧರಣದಾಗ ಅವರನ್ನ ಕೂಡಿಹಾಕಿ ಬಂದ್ರೆಲ್ಲೋ!" ಅಂದಿನಿಂದ ಪ್ರತಿ ಮಳೆಗಾಲ ಅವಳ ಫೋನು: "ಗೇಟ್ ತೆಗದಾರೇನೋ?" ಇಲ್ಲ ಎನ್ನಲು ನನಗೆ ಸಂಕಟವಾಗುತ್ತಿತ್ತು.

ಕೊನೆಗೊಂದು ಮಳೆಗಾಲ ನಮ್ಮ ಬೋರಿ ಹೊಳೆ ತುಂಬಿತು, ಅಣೆಕಟ್ಟಿನ ಗೇಟು ತೆರೆದರು. ದೀಪಾವಳಿ ಮುಗಿದ ಮೇಲೆ ನಾನು ಹೊಸ ಡಬ್ಬಿ ಒಯ್ದೆ. "ಇಷ್ಟ ಲಗೂನ ಎಲ್ಲಿ ಬರ್ತಾರ," ಎಂದು ನಗುತ್ತಲೇ ಎಲೆ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು.

"ಇವರಲ್ಲ" ಎನ್ನಲಿಲ್ಲ. ಕೈ ತಾನಾಗಿ ಎದ್ದು ಸೆರಗನ್ನು ತಲೆಯ ಮೇಲೆ ಎಳೆಯಿತು.

"ತಮ್ಮಾ, ನೀ ಸ್ವಲ್ಪ ಹೊರಗ ಕೂಡು," ಎಂದಳು. ಹಾಡುಹಗಲಲ್ಲಿ ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಅದೇ ನಮ್ಮ ಕೊನೆಯ ಭೇಟಿ.

ಕಾಕೂನ ಅಸ್ಥಿಯನ್ನು ಅಣೆಕಟ್ಟಿನ ಕೆಳಗೆ, ಹರಿಯುವ ನೀರಿನಲ್ಲಿ ನಾನೇ ಬಿಟ್ಟೆ. ಈಗ ಊಟವಾದ ಮೇಲೆ ಹೆಂಡತಿ ಎಲೆ ಮಡಿಚುವಾಗ, ಸುಣ್ಣ ಹಚ್ಚಬೇಡ ಎನ್ನುತ್ತೇನೆ. ಬಾಯಿ ಸುಡುತ್ತದೆ ಎಂದು ನೆಪ ಹೇಳುತ್ತೇನೆ. ನನ್ನ ನಾಲಗೆಗೂ ಗುರುತು ಹತ್ತಿಬಿಟ್ಟರೆ ಎಂದು ಹೆದರಿಕೆ.