ಕೆಮ್ಮಬಾರದ ಸೋಮವಾರ

ಆಗಿನ ದಾವಣಗೆರೆಯಲ್ಲಿ ದೀಪಾವಳಿ ಮುಗಿಯಿತೆಂದರೆ ಹತ್ತಿ ಗಾಡಿಗಳ ಸಾಲು ಶುರುವಾಗುತ್ತಿತ್ತು. ನಮ್ಮ ಓಣಿಯ ತುದಿಯಲ್ಲೇ ಹತ್ತಿ ಬಿಡಿಸುವ ಜಿನ್ನು. ಅದು ಬೆಳಗಿನಿಂದ ಸಂಜೆಯವರೆಗೆ ಗುಡುಗುಡು ಎನ್ನುತ್ತಿತ್ತು. ಅರಳೆಯ ಎಳೆಗಳು ಗಾಳಿಯಲ್ಲಿ ತೇಲಿ ಬಂದು ಒಣಹಾಕಿದ ಸೀರೆಗೆ, ಕುದಿಯುವ ಸಾರಿಗೆ, ನಮ್ಮ ಮೂಗಿಗೆ ಅಂಟಿಕೊಳ್ಳುತ್ತಿದ್ದವು. ಇನ್ನೊಂದು ಕಡೆಯಿಂದ ಮಂಡಕ್ಕಿ ಭಟ್ಟಿಯ ಹೊಗೆ. ಸಂಜೆ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಹಿಡಿದು ಜಗಲಿಯ ಮೇಲೆ ಕೂತು ಹುಣಸೆಬೀಜದಲ್ಲಿ ಚೌಕಾಬಾರ ಆಡುತ್ತಿದ್ದೆವು. ನನ್ನ ವಾರಿಗೆಯವರು ಇದನ್ನೆಲ್ಲ ನೆನೆದು "ಎಂಥಾ ಕಾಲ ಅದು!" ಎಂದು ಕಣ್ಣು ಒರೆಸಿಕೊಳ್ಳುತ್ತಾರೆ. ನನಗೆ ಮಾತ್ರ ಮೈ ಉರಿಯುತ್ತದೆ.

ಆ ಚಳಿಗಾಲದಲ್ಲಿ ಓಣಿಯ ಪ್ರತಿ ಮನೆಯಲ್ಲೂ ಕೆಮ್ಮಿತ್ತು. ಅಪ್ಪ ಬಟ್ಟೆ ಗಿರಣಿಯಿಂದ ಬಂದು ಕೆಮ್ಮುತ್ತಿದ್ದರು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನು ಕೆಮ್ಮಿದರೆ ಒಂದು ಚಮಚ ಜೇನುತುಪ್ಪ ಸಿಗುತ್ತಿತ್ತು. ಆದರೆ ನನ್ನ ಒಡಹುಟ್ಟಿದ ಗಿರಿಜಕ್ಕ ಕೆಮ್ಮಿದರೆ ಮನೆಯಲ್ಲಿ ಕಿಟಕಿ ಮುಚ್ಚುತ್ತಿದ್ದರು. ಅಕ್ಕನಿಗೆ ಮದುವೆ ವಯಸ್ಸು. ಕೆಮ್ಮುವ ಹುಡುಗಿಗೆ ಕ್ಷಯ ಎಂದು ಯಾರಾದರೂ ಒಬ್ಬರು ಬಾಯಿ ಬಿಟ್ಟರೆ ಮುಗಿಯಿತು, ಆಮೇಲೆ ಆ ಮನೆಯ ಹೊಸ್ತಿಲು ತುಳಿಯುವವರಿಲ್ಲ.

ಮನೆಯ ಯಜಮಾನಿಕೆ ಅಪ್ಪನ ಅಣ್ಣನ ಹೆಂಡತಿ, ನಮ್ಮ ದೊಡ್ಡವ್ವನದು. ದೊಡ್ಡಪ್ಪ ತೀರಿಹೋದ ಮೇಲೆ ಬೀಗದ ಕೈಯೂ ಅವಳ ಸೊಂಟದಲ್ಲೇ, ನಮ್ಮ ಬಾಯಿಯ ಕೀಲಿಯೂ ಅವಳ ಹತ್ತಿರವೇ.

"ಸೆರಗು ಬಾಯಿಗೆ ಒತ್ಕಳೇ, ಮಗ್ಗಲ ಮನಿಯೋರಿಗೆ ಕೇಳಿಸ್ತೈತೆ" ಎನ್ನುತ್ತಿದ್ದಳು. ಅಕ್ಕ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡುತ್ತಿದ್ದಳು. ಎದೆಯೊಳಗೆ ಕಫ ಗೊರಗೊರ ಎನ್ನುವುದು ಪಕ್ಕದಲ್ಲಿ ಮಲಗಿದ ನನಗೆ ಕೇಳುತ್ತಿತ್ತು.

ಕೊನೆಗೆ ಅವ್ವ ಒಂದು ಬೆಳಗ್ಗೆ ಧೈರ್ಯ ಮಾಡಿ ಅಕ್ಕನನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ಆಗ ಔಷಧಕ್ಕೆ ಬಾಟಲಿ ನಾವೇ ಒಯ್ಯಬೇಕಿತ್ತು. ಹರಳೆಣ್ಣೆಯ ಬಾಟಲಿಯನ್ನು ಸೀಗೆಪುಡಿ ಹಾಕಿ ತೊಳೆದು ನಾನು ಹಿಡಿದುಕೊಂಡಿದ್ದೆ. ಡಾಕ್ಟರು ಅಕ್ಕನ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕಫ ತೆಗೆಸಿ ಪರೀಕ್ಷೆಗೆ ಕಳಿಸಿದರು. ಮತ್ತೆ ಹೋದಾಗ ನಕ್ಕು ಹೇಳಿದರು:

"ಕ್ಷಯ ಗಿಯ ಏನಿಲ್ಲಮ್ಮ, ಹೆದರ್ಬ್ಯಾಡ್ರಿ. ಎದಿಯಾಗ ಕಫ ಗಟ್ಟಿ ಆಗೈತೆ. ಈ ಮಿಕ್ಸ್ಚರು ಅದನ್ನ ತೆಳ್ಳಗೆ ಮಾಡ್ತೈತೆ. ಆಮೇಲೆ ಕೆಮ್ಮು ಜಾಸ್ತಿ ಆದಂಗೆ ಕಾಣ್ತೈತೆ, ಆಗ್ಲಿ. ಕೆಮ್ಮಿ ಉಗುಳ್ಬೇಕು, ನುಂಗಬಾರ್ದು. ಬಿಸಿನೀರು ಎಷ್ಟು ಕುಡಿದ್ರೂ ಒಳ್ಳೇದು. ಕೆಮ್ಮು ನಿಲ್ಸೋ ಔಷಧ, ನಿದ್ದಿ ಬರ್ಸೋ ಔಷಧ ಯಾವ್ದೂ ಇದರ ಜೊತಿಗೆ ಕೊಡ್ಬ್ಯಾಡ್ರಿ. ಕಫ ಒಳಗೇ ಕುಂತ್ರೆ ಉಸಿರಿಗೆ ಕುತ್ತು."

ಕಾಂಪೌಂಡರು ಕಂದು ಬಣ್ಣದ ನೀರು ತುಂಬಿ, ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಬಾಟಲಿಗೆ ಅಂಟಿಸಿದರು. ಒಂದು ಹೊತ್ತಿಗೆ ಒಂದು ಕಚ್ಚು, ಅಲ್ಲಾಡಿಸಿ ಕುಡಿಯಬೇಕು. ಇಷ್ಟೇ. ಅವ್ವ ಎಲ್ಲವನ್ನೂ ಕೇಳಿಸಿಕೊಂಡು ತಲೆಯಾಡಿಸಿದಳು. ಅವಳಿಗೆ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಔಷಧ ಕೆಲಸ ಮಾಡಿತು. ಉಪ್ಪುಪ್ಪು, ಸಿಹಿಸಿಹಿ, ಓಕರಿಕೆ ಬರುವ ವಾಸನೆ. ಅಕ್ಕ ಮುಖ ಹಿಂಡಿ ಕುಡಿದು, ಮೇಲೆ ಒಂದು ಚೊಂಬು ಬಿಸಿನೀರು ಕುಡಿಯುತ್ತಿದ್ದಳು. ಡಾಕ್ಟರು ಹೇಳಿದಂತೆ ಕೆಮ್ಮು ಜೋರಾಯಿತು, ಕಫ ಸಲೀಸಾಗಿ ಬರತೊಡಗಿತು. ಅಕ್ಕ ರೊಟ್ಟಿ ಮುರಿದು ಮೆಣಸಿನ ಸಾರಿಗೆ ಅದ್ದಿಕೊಂಡು ಹೊಟ್ಟೆ ತುಂಬ ಉಂಡಳು. "ಎದಿ ಹಗುರ ಆತು ನೋಡೇ ಪಾರಿ" ಎಂದು ನನ್ನ ಜಡೆ ಎಳೆದಳು.

ಅಷ್ಟರಲ್ಲಿ ಹರಿಹರದಿಂದ ಮಾತು ಬಂತು. ಅಲ್ಲಿ ಕಿರಾಣಿ ಅಂಗಡಿಯ ಒಬ್ಬ ಹುಡುಗ. ಸೋಮವಾರ ಹೆಣ್ಣು ನೋಡುವುದು. ನಮ್ಮ ಮನೆಗೇ ಬಂದು ನೋಡಿ ಬೇಡವೆಂದರೆ ಓಣಿಗೆಲ್ಲ ಗೊತ್ತಾಗುತ್ತದೆಂದು ದೊಡ್ಡವ್ವ ಹರಿಹರದಲ್ಲಿದ್ದ ತನ್ನ ತಮ್ಮನ ಮನೆಯಲ್ಲಿ ತೋರಿಸುವುದೆಂದು ಗೊತ್ತು ಮಾಡಿದಳು.

"ಇನ್ನೂ ಕೆಮ್ತಾಳಲ್ಲೇ ಇಕಿ! ಔಷಧ ಕುಡಿದ ಮ್ಯಾಲೆ ಹೆಚ್ಚಾಗೈತೆ!" ದೊಡ್ಡವ್ವ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. "ಒಂದ್ ಕಚ್ಚು ಸಾಲಲ್ಲ, ಎರಡು ಹಾಕು. ಬೇಗ ಮುಗೀಲಿ."

"ಡಾಕ್ಟ್ರು ಒಂದೇ ಅಂದಾರಕ್ಕಾ" ಎಂದಳು ಅವ್ವ, ನೆಲ ನೋಡುತ್ತಾ.

"ಡಾಕ್ಟ್ರು ಬಂದು ಮದುವಿ ಮಾಡ್ತಾನೇನು?"

ಎರಡು ಕಚ್ಚು ಹಾಕಿದರು. ಅಕ್ಕ ತಿಂದದ್ದನ್ನೆಲ್ಲ ವಾಂತಿ ಮಾಡಿಕೊಂಡು ಗೋಡೆಗೆ ಒರಗಿದಳು. ಆಗ ದೊಡ್ಡವ್ವ ಔಷಧವೇ ಕೆಟ್ಟದ್ದೆಂದು ತೀರ್ಮಾನಿಸಿ ಬಾಟಲಿಯನ್ನು ಗೋಡೆಯ ಮೇಲಿನ ನಾಗಂದಿಗೆಗೆ ಎತ್ತಿಟ್ಟಳು. ನೀರು ಕುಡಿದರೆ ಕಫ ಬಲಿಯುತ್ತದೆಂದು ಬಿಸಿನೀರನ್ನೂ ನಿಲ್ಲಿಸಿದಳು. ತಪ್ಪು ಅವಳ ಕೈಯದು, ಶಿಕ್ಷೆ ಬಾಟಲಿಗೆ!

ಸೋಮವಾರ ಬೆಳಗ್ಗೆ ಅಕ್ಕ ತಲೆಗೆ ಎರೆದುಕೊಂಡು ಬಂದಾಗ ದೊಡ್ಡವ್ವ ಬೆಲ್ಲದ ಚೂರೊಂದನ್ನು ಅವಳ ಬಾಯಿಗೆ ಹಾಕಿದಳು. ಅದರೊಳಗೆ ಏನಿತ್ತೆಂದು ನನಗೆ ಗೊತ್ತಿತ್ತು. ಮಂಡಿನೋವಿಗೆಂದು ಅವಳು ಸಣ್ಣ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದ ಅಫೀಮು. ಅವ್ವ ಎದುರಿಗೇ ನಿಂತಿದ್ದಳು.

"ಅಕ್ಕಾ, ನಿದ್ದಿ ಬರ್ಸೋದು ಬ್ಯಾಡ ಅಂತ ಡಾಕ್ಟ್ರು..." ಎಂದಳು ಅವ್ವ.

"ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರೆ. ನಾನೇನು ಸುಳ್ಳು ಹೇಳಾಕತ್ತೀನೇನು? ಕೆಮ್ಮು ನಿಲ್ಸಾಕತ್ತೀನಿ. ಸುಮ್ಕಿರು."

ಅವ್ವ ಸುಮ್ಮನಾದಳು. ದೊಡ್ಡವ್ವನಿಗೆ ತಿಳಿವಳಿಕೆ ಇರಲಿಲ್ಲ, ಅವಳ ಮೇಲಿನ ಸಿಟ್ಟಿಗೆ ಒಂದು ಮಿತಿ ಇದೆ. ತಿಳಿದೂ ಸುಮ್ಮನಾದ ಅವ್ವನ ಮೇಲಿನ ಸಿಟ್ಟಿಗೆ ಇಲ್ಲ.

ಅಪ್ಪನೂ ಸೇರಿ ಎಲ್ಲರೂ ಹರಿಹರಕ್ಕೆ ಹೊರಟೆವು. ರೈಲಿನಲ್ಲಿ ಕಲ್ಲಿದ್ದಲಿನ ಹೊಗೆ ಮುಖಕ್ಕೆ ಹೊಡೆದರೂ ಅಕ್ಕ ಕೆಮ್ಮಲಿಲ್ಲ. ದೊಡ್ಡವ್ವ ಗೆದ್ದವಳಂತೆ ಎಲೆ ಅಡಿಕೆ ಹಾಕಿಕೊಂಡಳು. ಹರಿಹರದ ಮನೆಯಲ್ಲಿ ಹುಡುಗನ ಕಡೆಯವರು ಚಾಪೆಯ ಮೇಲೆ ಕೂತಿದ್ದರು. ಅಕ್ಕ ಅವಲಕ್ಕಿ ತಟ್ಟೆ ಇಟ್ಟು, ಕಣ್ಣು ಅರ್ಧ ಮುಚ್ಚಿ, ತಲೆ ತಗ್ಗಿಸಿ ಕೂತಳು. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ.

"ಭಾಳ ಸಂಕೋಚದ ಹುಡುಗಿ. ಇಂಥೋಳೇ ಬೇಕಿತ್ತು ನಮಗ" ಎಂದರು ಹುಡುಗನ ತಾಯಿ. ಹಾಗೆಂದವರು ಗಂಟಲು ತುಂಬ ಖೊಕ್ ಖೊಕ್ ಕೆಮ್ಮಿ, ಎದ್ದು ಬಚ್ಚಲಿಗೆ ಹೋಗಿ ಕ್ಯಾಕರಿಸಿ ಉಗುಳಿ, ಬಂದು ಕೂತು ಅವಲಕ್ಕಿ ತಿಂದರು. ಯಾರೂ ತಿರುಗಿ ಸಹ ನೋಡಲಿಲ್ಲ.

ಹೆಣ್ಣು ಒಪ್ಪಿಗೆಯಾಯಿತು. ಸಂಜೆಯ ರೈಲಿನಲ್ಲಿ ಅಕ್ಕನ ತಲೆ ನನ್ನ ಭುಜದ ಮೇಲಿತ್ತು. ಅವಳ ಉಸಿರು ಕುದಿಯುವ ಗಂಜಿಯಂತೆ ಸದ್ದು ಮಾಡುತ್ತಿತ್ತು. ದಾವಣಗೆರೆ ಬಂದಾಗ ಎಬ್ಬಿಸಿದರೆ ಏಳಲಿಲ್ಲ. ತುಟಿ ನೀಲಿಯಾಗಿತ್ತು. ಅಪ್ಪ ಅವಳನ್ನು ಎತ್ತಿ ಜಟಕಾಗೆ ಹಾಕಿಕೊಂಡು ನೇರ ಆಸ್ಪತ್ರೆಗೆ ಓಡಿಸಿದರು.

ಅದೇ ಡಾಕ್ಟರು. ರೆಪ್ಪೆ ಬಿಡಿಸಿ ನೋಡಿದವರೇ ಕೂಗಿದರು: "ಏನ್ ಕೊಟ್ರಿ ಇವಳಿಗೆ? ಬೇಗ ಹೇಳ್ರಿ!"

ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ದೊಡ್ಡವ್ವ ಸೆರಗು ಸರಿಮಾಡಿಕೊಂಡು, "ಹೊಳಿ ಗಾಳಿಗೆ ಹಿಂಗಾಗೈತ್ರಿ" ಎಂದಳು. ಅವ್ವ ಗೋಡೆ ನೋಡುತ್ತಿದ್ದಳು.

"ಅಫೀಮು ಕೊಟ್ರು. ಬೆಲ್ಲದಾಗ ಇಟ್ಟು ಕೊಟ್ರು. ಔಷಧನೂ ನಿಲ್ಸಿದ್ರು, ನೀರೂ ಕೊಡ್ಲಿಲ್ಲ" ಎಂದೆ ನಾನು.

ಅವ್ವ ನನ್ನ ಕೆನ್ನೆಗೆ ಬಾರಿಸಿದಳು. ಮಗಳು ಉಸಿರಿಗೆ ಒದ್ದಾಡುವಾಗ ಏಳದ ಕೈ ಆಗ ಎದ್ದಿತು. ಡಾಕ್ಟರು ಅವ್ವನನ್ನು ಆಚೆ ತಳ್ಳಿ ಅಕ್ಕನನ್ನು ಒಳಗೆ ಒಯ್ಯಿಸಿದರು.

ಅಕ್ಕ ಬದುಕಿದಳು. ಕಫ ಒಳಗೇ ಕೊಳೆತು ನ್ಯುಮೋನಿಯಾ ಆಗಿ, ಸಂಕ್ರಾಂತಿಯ ಎಳ್ಳನ್ನು ಆಸ್ಪತ್ರೆಯ ಮಂಚದ ಮೇಲೇ ತಿಂದಳು. ಮನೆಗೆ ಕಳಿಸುವಾಗ ಡಾಕ್ಟರು ಅಪ್ಪನಿಗೆ, "ಒಂದು ಕಡಿ ಶ್ವಾಸಕೋಶ ಇನ್ನು ಪೂರಾ ಸರಿ ಹೋಗಲ್ಲ" ಎಂದರು. ಹರಿಹರಕ್ಕೆ ಜ್ವರವೆಂದು ಹೇಳಿ ಕಳಿಸಿದ್ದರು. ಬೇಸಿಗೆಯಲ್ಲಿ ಮದುವೆಯಾಯಿತು. ಊಟದ ಪಂಕ್ತಿಯಲ್ಲಿ ದೊಡ್ಡವ್ವ ನಮ್ಮ ಕಡೆಯವರಿಗೆಲ್ಲ ಪಿಸುಮಾತಿನಲ್ಲಿ ಹೇಳುತ್ತಿದ್ದಳು: "ಆಸ್ಪತ್ರಿ ಮಿಕ್ಸ್ಚರು ಕುಡಿಸಿ ಹುಡುಗಿ ಎದಿ ಹಾಳು ಮಾಡಿದ್ರು ನೋಡ್ರಿ." ಕೇಳಿದವರು ಲೊಚಗುಟ್ಟಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಹರಿಹರದಲ್ಲಿ ಅಕ್ಕ ಹೊಳೆಯಿಂದ ಕೊಡ ಹೊತ್ತು ಮೆಟ್ಟಿಲು ಹತ್ತಲಾರದೆ ನಡುವೆ ಕೂರುತ್ತಿದ್ದಳು. ಮಗುವನ್ನು ಎತ್ತಿಕೊಂಡರೆ ಏದುಸಿರು. ಭಾವ ಒಳ್ಳೆಯ ಮನುಷ್ಯ, ನೀರು ತಾವೇ ತರುತ್ತಿದ್ದರು. ಅಕ್ಕ ಹುಟ್ಟಿನಿಂದಲೇ ಹಾಗೆ ಎಂದುಕೊಂಡಿದ್ದರು. ದೊಡ್ಡವ್ವ, ಅವ್ವ ಇಬ್ಬರೂ ತೀರಿಹೋದ ಮೇಲೆ, ಭಾವನ ಮನೆಯ ಜಗಲಿಯ ಮೇಲೆ ಕೂತು ನಾನು ಅವರಿಗೆ ಆ ಸೋಮವಾರದ ಕತೆ ಹೇಳಿದೆ.

"ಮೈಯಾಗ ಹುಷಾರಿಲ್ಲ, ಮುಂದಿನ ತಿಂಗ್ಳು ಬರ್ರಿ ಅಂತ ಒಂದು ಮಾತು ಹೇಳಿ ಕಳ್ಸಿದ್ರೆ ಸಾಕಿತ್ತಲ್ಲ ಪಾರಮ್ಮ" ಎಂದರು ಭಾವ. "ಬರ್ತಿದ್ವಿ. ನಮಗೇನು ಅವಸರ ಇತ್ತು? ನಮ್ಮವ್ವನೂ ಚಳಿಗಾಲ ಪೂರಾ ಕೆಮ್ಮೋಳು."

ಆ ಕಾಲದ ಮಂಡಕ್ಕಿಯ ರುಚಿ ಹೋಯಿತು, ಜಗಲಿ ಹೋಯಿತು, ಕೂಡಿ ಬಾಳುವ ಮನೆ ಹೋಯಿತು ಎಂದು ಅಳುವವರು ಅಳಲಿ. ನನ್ನ ಪಾಲಿಗೆ ಹೋದದ್ದು ಒಂದೇ, ನನ್ನ ಅಕ್ಕನ ಎದೆ ತುಂಬ ಉಸಿರು. ಅದನ್ನು ಕಾಲ ಒಯ್ಯಲಿಲ್ಲ, ಆ ಕೂಡಿ ಬಾಳುವ ಮನೆಯೇ ಒಯ್ದಿತು.

ಅಕ್ಕ ಒಳಗಿನಿಂದ ಚಹಾ ತಂದವಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಹೋಗ್ಲಿ..." ಎಂದಳು. ಚೌಕಟ್ಟು ಹಿಡಿದು ಉಸಿರು ತೆಗೆದುಕೊಂಡಳು. "...ಬಿಡೇ ಪಾರಿ."

ನಾನು ಬಿಟ್ಟಿಲ್ಲ.