ಕಡಿಯದ ಮರಗಳ ವ್ಯಾಪಾರಿ

ನವಿ ಮುಂಬಯಿಯ ಕೋಪರಖೈರಣೆಯ ವಸಂತಣ್ಣನದ್ದು ಕಡಿಯದ ಮರಗಳ ವ್ಯಾಪಾರ. ತುರ್ಭೆಯ ಕಾರ್ಖಾನೆಗಳು ಬಿಡುವ ಹೊಗೆಗೆ ಪ್ರತಿಯಾಗಿ ಬೋರ್ನಿಯೋದ ಮಳೆಕಾಡು ಉಳಿಸಲು ಅವುಗಳಿಂದ ದುಡ್ಡು ಕೊಡಿಸುವ ಕಾರ್ಬನ್ ಕ್ರೆಡಿಟ್ ಏಜೆಂಟ್ ಆತ. ಆ ಕಾಡನ್ನು ಕಂಡವನಲ್ಲ. ಆದರೂ ಅಲ್ಲಿನ ಒರಾಂಗುಟಾನ್ ಮರಿ ಹಾಕಿದ ಸುದ್ದಿಯನ್ನು ಅಕ್ಕನ ಮಗಳು ಹೆತ್ತಷ್ಟೇ ಸಂಭ್ರಮದಿಂದ ಲೋಕಲ್ ಟ್ರೈನಿನಲ್ಲಿ ಹಂಚುತ್ತಾನೆ. ಹೋಟೆಲಿಗೆ ಹೋದರೆ ಮೆನುವಿಗಿಂತ ಮೊದಲು ಹೊಗೆಕೊಳವೆ ನೋಡಿ, "ಹೊಗೆ ಬಿಡಿ, ಬೇಡ ಹೇಳುದಿಲ್ಲ. ಎಲ್ಲಾದ್ರೂ ಒಂದು ಮರ ಉಳಿಸಿ ಮಾರಾಯ್ರೆ" ಎನ್ನುತ್ತಾನೆ. ಹೆಂಡತಿ ಜಯಲತಾ ಒಗ್ಗರಣೆ ಹಾಕುವಾಗ ಮಾತ್ರ ತೆಪ್ಪಗಿರುತ್ತಾನೆ. ಸೊಸೈಟಿಯವರು ಪಾರ್ಕಿಂಗಿಗೆಂದು ಅಂಗಳದ ಬಾದಾಮಿ ಮರ ಕಡಿಯಲು ಹೊರಟಾಗ, ಕಾರಿಲ್ಲದ ವಸಂತಣ್ಣ ಆ ಜಾಗವನ್ನು ಮರದ ಸಮೇತ ಬಾಡಿಗೆಗೆ ಹಿಡಿದ. "ಕಾರು ಯಾವಾಗ ತರುದು?" ಎಂದು ಸೊಸೈಟಿ ಸೆಕ್ರೆಟರಿ ಚೆನ್ನಯ ಈಗಲೂ ಕೇಳುತ್ತಾರೆ. ವಸಂತಣ್ಣ ಗಿಳಿಗಳು ಕಚ್ಚಾಡುವ ಕೊಂಬೆಗಳತ್ತ ಕತ್ತೆತ್ತಿ, "ಪಾರ್ಕ್ ಮಾಡಿ ಆಯ್ತಲ್ಲ" ಎನ್ನುತ್ತಾನೆ.