ಕರಕಿಗೆ ನೀರು ಬಿಡುವ ಊರು

“ಕರಕಿ ಅಗಿಯೋನ ಮಗಳು ಡಿಗ್ರಿ ಮುಗಿಸಿದ್ಲು ಅಂದ್ರ ನನ್ನ ಕಿವ್ಯಾಗಿನ ಬೆಂಡೋಲಿ ಬಿಚ್ಚಿ ಕೊಡ್ತೀನಿ. ಎರಡೂ!”

ಹೀಗೆಂದವಳು ಹೊರಗಿನವಳಲ್ಲ, ನನ್ನ ಸೋದರತ್ತೆ ದ್ಯಾಮವ್ವ. ನಾನು ಬಿ.ಎ.ಯ ಇಂಗ್ಲಿಷ್ ಪೇಪರಿನಲ್ಲಿ ಮೂರನೇ ಸಲ ಫೇಲಾಗಿ, ತಾವರಗೇರಾದಲ್ಲಿ ಬಸ್ಸಿಳಿದು ಊರಿಗೆ ನಡೆದು ಬಂದ ಸಂಜೆ, ಕಟ್ಟೆಯ ಮೇಲೆ ಕೂತ ಹೆಂಗಸರ ಮುಂದೆ ಅಂದಳು. ಅತ್ತೆಯ ಮೈಮೇಲಿರುವ ಬಂಗಾರವೆಂದರೆ ಆ ಒಂದು ಜೋಡಿ ಬೆಂಡೋಲಿ ಮಾತ್ರ. ಅವ್ವ ತೀರಿಹೋದ ಮೇಲೆ ತನ್ನ ಇಬ್ಬರು ಗಂಡುಮಕ್ಕಳ ಜೊತೆ ನನ್ನನ್ನೂ ಸಾಕಿದವಳು, ತಲೆ ಬಾಚಿ ಶಾಲೆಗೆ ಅಟ್ಟಿದವಳು ಅವಳೇ. ಅದಕ್ಕೇ ಆ ಮಾತು ಬೇರೆಯವರ ಮಾತಿನ ಹಾಗೆ ಕಿವಿಯಿಂದ ಜಾರಿ ಹೋಗಲಿಲ್ಲ.

ಕರಕಿ ಅಂದರೆ ಏನೆಂದು ನಮ್ಮ ಕುಷ್ಟಗಿ ಸೀಮೆಯವರಿಗೆ ಹೇಳಬೇಕಿಲ್ಲ. ನೀರಾವರಿ ಕಡೆಯವರಿಗೆ ಹೇಳಬೇಕು. ಗಣಪತಿಗೆ ಏರಿಸುವ ಗರಿಕೆಯೇ ಅದು. ಪೂಜೆಯ ತಟ್ಟೆಯಲ್ಲಿ ಅದು ದೇವರ ಪಾಲು, ಎರೆಹೊಲದಲ್ಲಿ ದೆವ್ವ. ಮಣ್ಣಿನೊಳಗೆ ಆಳುದ್ದ ಬೇರು ಬಿಟ್ಟು ಜೋಳ, ಕಡಲೆ ಯಾವುದನ್ನೂ ಏಳಗೊಡುವುದಿಲ್ಲ. ಬೇಸಿಗೆಯಲ್ಲಿ ನೆಲ ಬಿರಿದಾಗ ಗುದ್ದಲಿ ಹಿಡಿದು ಅದನ್ನು ಬೇರುಸಮೇತ ಅಗೆದು ತೆಗೆಯುವ ಕೂಲಿ ನನ್ನ ಅಪ್ಪ ಹನುಮಪ್ಪನದು. ಅಗೆದದ್ದನ್ನು ಆರಿಸಿ, ಒಂದು ಗೆಣ್ಣೂ ಉಳಿಯದಂತೆ ಹೊಲದ ಹೊರಗೆ ಕಲ್ಲಿನ ಮೇಲೆ ಬಿಸಿಲಿಗೆ ಎಸೆಯಬೇಕು. ಮಣ್ಣಲ್ಲಿ ಒಂದು ಗೆಣ್ಣು ಉಳಿದರೂ ಮುಂದಿನ ಮಳೆಗೆ ಹೊಲ ಮತ್ತೆ ಅದರದೇ. ಸುತ್ತ ಹತ್ತು ಊರಿನಲ್ಲಿ “ಹನುಮಪ್ಪ ಅಗದ ಹೊಲ” ಎಂದರೆ ಎರಡನೇ ಮಾತಿಲ್ಲ.

ಪಿಯುಸಿಯ ಅಂಕಗಳ ಮೇಲೆ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕು ನಾನು ಗಂಗಾವತಿಗೆ ಬಂದೆ. ಗಂಡ ಕಾರಟಗಿಯ ಅಕ್ಕಿ ಗಿರಣಿಯೊಂದಕ್ಕೆ ಬೆಳಗಿನ ಬಸ್ಸಿಗೆ ಹೋದರೆ ಸಂಜೆಯೇ ಬರುವುದು. ನಾಲ್ಕು ವರ್ಷದ ಮಗಳು ಅಕ್ಷತಾಳನ್ನು ನೋಡಿಕೊಳ್ಳಲು ಅಪ್ಪ ಜೊತೆಗೆ ಬಂದ. ಬಂದ ಎರಡನೇ ದಿನ ನಮ್ಮ ಕಾಲೋನಿಯ ಹಿಂದಿನ ಪಾರ್ಕಿನ ಮುಂದೆ ಅಪ್ಪ ನಡೆಯುತ್ತಿದ್ದವನು ನಿಂತೇಬಿಟ್ಟ. ಒಳಗೆ ಮಾಲಿ ಖಾಜಾಸಾಬ ಪೈಪು ಹಿಡಿದು ನೀರು ಬಿಡುತ್ತಿದ್ದ. ಗಿಡಕ್ಕಲ್ಲ, ಹೂವಿಗಲ್ಲ. ಕರಕಿಗೆ.

“ಯವ್ವಾ, ಆ ಮನಷ್ಯಾಗ ತಲಿ ಸರಿ ಐತೇನು?” ಎಂದ ಅಪ್ಪ.

“ಅದು ಲಾನ್ ಯಪ್ಪಾ. ಬೇಕಂತಲೇ ಬೆಳಸ್ಯಾರ.”

“ಬೇಕಂತಲೇ?” ಅಪ್ಪ ಕಂಬಿ ಹಿಡಿದು ನೋಡುತ್ತಲೇ ಇದ್ದ. ನಮ್ಮೂರಲ್ಲಿ ನಾಲ್ಕು ದಿನಕ್ಕೊಮ್ಮೆ ಬರುವ ನಳದ ಮುಂದೆ ಕೊಡಗಳ ಸಾಲು ಹಚ್ಚಿ ನಾವು ಬೆಳೆದದ್ದು. ಇಲ್ಲಿ ಕುಡಿಯಲು ಬರುವಂಥ ನೀರು ಕರಕಿಯ ತಲೆಯ ಮೇಲೆ ಮಳೆಯ ಹಾಗೆ ಬೀಳುತ್ತಿತ್ತು.

ನಮ್ಮೂರಿಂದ ಇಲ್ಲಿಗೆ ಬಸ್ಸಿನಲ್ಲಿ ಕೂತರೆ ಎರಡು ತಾಸಿನ ದಾರಿ. ಜಿಲ್ಲೆ ಅದೇ, ಕಲೆಕ್ಟರೂ ಅವರೇ. ಆದರೂ ನಾನು ಪರದೇಶಕ್ಕೆ ಬಂದವಳಂತೆ ಒಂದೊಂದನ್ನೇ ಕಲಿಯಬೇಕಾಯಿತು. ಅಲ್ಲಿ ಕಣ್ಣು ಹಾಯಿಸಿದಷ್ಟು ಹೊಲ, ಅಲ್ಲಲ್ಲಿ ಒಂದು ಬೇವು. ಇಲ್ಲಿ ಕಾಲುವೆ, ಗದ್ದೆ, ಬೆಳ್ಳಕ್ಕಿ, ಸಂಜೆಗೆ ಮೋಡದಂತೆ ಸೊಳ್ಳೆ. ಅಲ್ಲಿ ಸಜ್ಜಿ ರೊಟ್ಟಿ, ಇಲ್ಲಿ ಮೂರು ಹೊತ್ತೂ ಅನ್ನ. ನಾನು ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯಾಕೆ ಮೊದಲ ದಿನ ಬಾಗಿಲಿಗೆ ಬಂದು, “ಏನಾರ ರಿಪೇರಿ ನಡದೈತೇನ್ರಿ?” ಎಂದಿದ್ದಳು. ಈಗ ಎರಡು ರೊಟ್ಟಿ ಅವಳ ಮನೆಗೂ ಹೋಗುತ್ತವೆ. ಕಾಲುವೆ ಬಂದಾಗ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಹಳ್ಳಿಗಳಿಗೆ ಇಲ್ಲಿ ಕ್ಯಾಂಪ್ ಅನ್ನುತ್ತಾರೆ. ಅವರಿಂದಾಗಿ ಅಂಗಡಿಯಲ್ಲಿ ಅರ್ಧ ಮಾತು ತೆಲುಗಿನಲ್ಲೇ. ಅಪ್ಪನಿಗೆ ತೆಲುಗು ಬಾರದು. “ನನ್ನ ಹೆಸರು ಹಿಡದು ಕರಿಯೋರೇ ಇಲ್ಲವಾ ಈ ಊರಾಗ,” ಎಂದು ಒಂದು ದಿನ ಊಟದ ನಡುವೆ ಅಂದ. ಮತ್ತೆ ಅನ್ನ ಕಲಸಿದ.

ನಮ್ಮ ಬಾಡಿಗೆ ಮನೆ ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆ. ಬೆಳಗಾದರೆ ಗಿರಣಿ ಶುರು, ನೆಲವೇ ನಡುಗುತ್ತಿತ್ತು. ಅಲ್ಲಿ ಕೂತು ಇಂಗ್ಲಿಷ್ ಪುಸ್ತಕ ತೆರೆದರೆ ಅಕ್ಷರಗಳೂ ನಡುಗುತ್ತಿದ್ದವು. ಮುಂದೆ ಬರುವುದೇ ನನ್ನ ಕಡೆಯ ಪರೀಕ್ಷೆ. ಹಳೆಯ ಸಿಲೆಬಸ್ಸಿನವರಿಗೆ ಇನ್ನೊಂದೇ ಅವಕಾಶ, ಅದೂ ತಪ್ಪಿದರೆ ಮೊದಲ ವರ್ಷದಿಂದ ಮತ್ತೆ ಸೇರಬೇಕು ಎಂದು ಕಾಲೇಜಿನಲ್ಲಿ ಹೇಳಿ ಕಳಿಸಿದ್ದರು. ಕೆಲಸ, ಮಗು, ಮನೆ ಇಟ್ಟುಕೊಂಡು ಮತ್ತೆ ಮೊದಲ ವರ್ಷ ಆಗುವ ಮಾತಲ್ಲ. ಅತ್ತೆಯ ಬೆಂಡೋಲಿ ಅವಳ ಕಿವಿಯಲ್ಲೇ ಉಳಿಯುತ್ತಿತ್ತು.

ನನ್ನನ್ನು ಉಳಿಸಿದ್ದು ಪಾರ್ಕು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತಾರೆ. ಎರಡು ಜೋಕಾಲಿ, ಒಂದು ಜಾರುಬಂಡಿ, ಬೇವು, ಹೊಂಗೆ, ಅಳಿಲು, ಗೊರವಂಕ, ಕಲ್ಲಿನ ಬೆಂಚುಗಳು. ನಡೆಯಲು ಬಂದವರು ಸುಮ್ಮನೆ ನಡೆದು ಹೋಗುತ್ತಾರೆ, ಯಾರೂ ಯಾರನ್ನೂ ಕೂಗುವುದಿಲ್ಲ. ನಮ್ಮಲ್ಲಿ ಜೋಕಾಲಿ ಎಂದರೆ ನಾಗರಪಂಚಮಿಗೆ ಮರಕ್ಕೆ ಹಗ್ಗ ಕಟ್ಟಿ ಅತ್ತೆ, ಸೊಸೆ, ಮುದುಕಿ ಎಲ್ಲರೂ ಜೀಕುವುದು. ಇಲ್ಲಿ ಅದಕ್ಕೊಂದು ಬೋರ್ಡು: ಹನ್ನೆರಡು ವರ್ಷದೊಳಗಿನವರಿಗೆ ಮಾತ್ರ. ಯಾರೂ ಇಲ್ಲದಾಗ ನಾನೊಮ್ಮೆ ಕೂತು ಜೀಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಅಕ್ಷತಾ ಜಾರುವಳು, ಅಪ್ಪ ಅವಳ ಹಿಂದೆ, ನಾನು ಬೆಂಚಿನ ಮೇಲೆ ಪುಸ್ತಕದಲ್ಲಿ. ಹುಟ್ಟಿದ ಮೇಲೆ ಅಷ್ಟು ಸದ್ದಿಲ್ಲದ ಎರಡು ತಾಸು ನನ್ನ ಪಾಲಿಗೆ ಬಂದದ್ದು ಅದೇ ಮೊದಲು.

ಅಪ್ಪನಿಗೆ ಮಾತ್ರ ಅಲ್ಲಿ ಸುಮ್ಮನೆ ಕೂರುವುದು ಶಿಕ್ಷೆ. ಕೆಲಸವಿಲ್ಲದೆ ಕೂತ ಮನುಷ್ಯನನ್ನು ನಮ್ಮೂರಲ್ಲಿ ಜಡ್ಡು ಬಿದ್ದವನೆಂದೇ ಮಾತಾಡಿಸುತ್ತಾರೆ. ಅವನ ಕಣ್ಣೆಲ್ಲ ಕರಕಿಯ ಮೇಲೆ. “ದಾಸಾಳದ ಬುಡಕ್ಕ ಹೊಂಟೈತಿ ನೋಡು. ಇನ್ನೊಂದು ವರ್ಷಕ್ಕ ಗಿಡ ತಿಂತೈತಿ,” ಅನ್ನುವನು. ನಾನು ಹೂಂ ಅಂದು ಹಾಳೆ ತಿರುವುವೆ.

ಒಂದು ಭಾನುವಾರ ಖಾಜಾಸಾಬ ರಜೆ ಹಾಕಿದ್ದ. ಅಪ್ಪ ಟವಲಿನಲ್ಲಿ ಕಳೆ ಕೀಳುವ ಕುರ್ಪಿ ಸುತ್ತಿಕೊಂಡು ಬಂದದ್ದು ನನಗೆ ಗೊತ್ತಿರಲಿಲ್ಲ. ಅಂದು ಒಂದು ಪ್ರಬಂಧ ಬಾಯಿಪಾಠ ಮಾಡುತ್ತಿದ್ದೆ, ತಲೆ ಎತ್ತಲೇ ಇಲ್ಲ. ಎತ್ತಿದಾಗ ನಮ್ಮ ಎರಡೂ ಕೋಣೆ ಸೇರಿಸಿದಷ್ಟು ಜಾಗ ಕೆಂಪಗೆ ಬೋಳಾಗಿತ್ತು. ಒಂದು ಗೆಣ್ಣು ಉಳಿದಿಲ್ಲ. ಕಿತ್ತ ಕರಕಿಯನ್ನು ಅಪ್ಪ ನಡೆಯುವ ದಾರಿಯ ಕಲ್ಲಿನ ಮೇಲೆ ಸಾಲಾಗಿ ಬಿಸಿಲಿಗೆ ಹರವಿದ್ದ. ಅಕ್ಷತಾ ಎರಡೂ ಕೈಲಿ ಮಣ್ಣು ಕೊಡವಿ ಕೊಡುತ್ತಿದ್ದಳು.

ಪಾರ್ಕ್ ಸಮಿತಿಯನ್ನು ನಡೆಸುವ ಪದ್ಮಾವತಮ್ಮ ಎದುರಿನಿಂದ ಬಿರಬಿರನೆ ಬಂದರು. ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವರು, ಹಿರಿಯರು. “ಏಮಂಡೀ! ಏನಿದು ನೀವು ಮಾಡಿದ್ದು?” ಎಂದರು.

ಅಪ್ಪ ಎದ್ದು, ಕೈ ಒರೆಸಿಕೊಂಡು ನಕ್ಕ. ಅವರು ಉಪಕಾರ ಹೇಳಲು ಬಂದಿದ್ದಾರೆಂದೇ ತಿಳಿದಿದ್ದ. “ಕೂಲಿ ಏನೂ ಬ್ಯಾಡ್ರಿ ಅಮ್ಮಾರ. ಉಳದದ್ದು ನಾಳಿ ಮುಗಿಸಿ ಕೊಡ್ತೀನ್ರಿ.”

ಆಕೆ ಬೋಳು ನೆಲವನ್ನೂ ಕಲ್ಲಿನ ಮೇಲಿನ ಕರಕಿಯನ್ನೂ ನೋಡಿದರು. ಆಮೇಲೆ ಆಡಿದ್ದನ್ನೆಲ್ಲ ಬರೆಯಲಾರೆ. ಬೈಗುಳವೇನೂ ಅಲ್ಲ. ಆ ಹುಲ್ಲು ಹಚ್ಚಿ ಬೆಳೆಸಲು ಕಾಲೋನಿಯವರು ಪಟ್ಟ ಪಾಡನ್ನು ಹೇಳಿದರು. “ಇದು ಮತ್ತೆ ಚಿಗುರೋವರೆಗೂ ನಿಮ್ಮ ಮನೆಯವರು ಯಾರೂ ಈ ಕಡೆ ಬರಬೇಡಿ,” ಎಂದು ಮುಗಿಸಿದರು. ಅಪ್ಪನ ಮುಖದ ನಗು ಇಳಿಯುವುದನ್ನು ನಾನು ನೋಡಿದೆ. ಬದುಕಿಡೀ ಶಹಬ್ಬಾಸ್ ಅನ್ನಿಸಿಕೊಂಡ ಕೆಲಸಕ್ಕೇ ಅವನು ಬೈಸಿಕೊಂಡಿದ್ದ. ನಾನು ಕೈ ಮುಗಿದು, ತಪ್ಪು ನಂದೂ ಐತ್ರಿ, ನಾನು ನೋಡಬೇಕಿತ್ತು ಅಂದೆ. ಅವರು ನನ್ನ ಕೈಲಿದ್ದ ಪುಸ್ತಕ ನೋಡಿ ಹೊರಟುಹೋದರು.

ಮೂರು ದಿನ ಗಿರಣಿಯ ಮೇಲೆ ಕೂತು ಓದಿದೆ. ಓದಿದೆ ಅಂತ ಹೆಸರು ಮಾತ್ರ. ಅಕ್ಷತಾ ಜಾರುಬಂಡಿ ಎಂದು ಹಟ ಮಾಡುವಳು, ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗುವನು. ನಾಲ್ಕನೇ ದಿನ ಬಟ್ಟೆ ಗಂಟು ಕಟ್ಟಿದ್ದ.

“ನಾ ಊರಿಗಿ ಹೊಕ್ಕೀನವಾ. ಅಕ್ಕನ ಮನ್ಯಾಗ ಇರ್ತೀನಿ. ಇಲ್ಲಿ ನನ್ನ ಕೈಗುಣಾನ ಸರಿ ಇಲ್ಲ.”

“ನೀ ಹೋದ್ರ ಕೂಸಿನ್ನ ಯಾರು ನೋಡ್ತಾರ? ನಾ ಪರೀಕ್ಷಿ ಬಿಡಬೇಕಾಗತೈತಿ ಯಪ್ಪಾ.”

“ಬಿಡಬ್ಯಾಡ,” ಎಂದ. ಗಂಟು ಹಿಡಿದುಕೊಂಡೇ ನಿಂತಿದ್ದ. “ಬಿಡಬ್ಯಾಡಂದ್ರ ಬಿಡಬ್ಯಾಡ.” ಗಂಟು ಮೂಲೆಗಿಟ್ಟು ಹೊರಗೆ ಹೋದ.

ಅವನು ಹೋದದ್ದು ಪಾರ್ಕಿನ ಬಾಗಿಲಿಗೆ. ಅಲ್ಲಿ ನಡೆದದ್ದನ್ನು ಆಮೇಲೆ ಖಾಜಾಸಾಬನೇ ನಗುತ್ತ ಹೇಳಿದ. ಕಿತ್ತ ಕರಕಿ ಎಲ್ಲಿ ಎಸೆದಿ ಎಂದು ಅಪ್ಪ ಕೇಳಿದನಂತೆ. ನೀರಿನ ಟ್ಯಾಂಕಿನ ಹಿಂದೆ ಎಂದನಂತೆ ಖಾಜಾಸಾಬ. ಅಪ್ಪ ಕಂಬಿಯ ಹೊರಗಿಂದಲೇ ಒಂದು ಹಿಡಿ ಕೊಡು ಎಂದು ಇಸಕೊಂಡು ನೋಡಿದರೆ, ಟ್ಯಾಂಕು ಸೋರಿ ತೊಯ್ದ ಆ ರಾಶಿಯಲ್ಲಿ ಗೆಣ್ಣುಗೆಣ್ಣಿಗೂ ಬಿಳಿ ಮೊಳಕೆ.

“ಸತ್ತಿಲ್ಲ ನೋಡ್ರಿ ಮಗಂದು!” ಎಂದು ಅಪ್ಪ ರಸ್ತೆಯಲ್ಲೇ ತೊಡೆ ತಟ್ಟಿದನಂತೆ. “ಸಾಯಂಗೇ ಇಲ್ಲ ಅದು.”

ಖಾಜಾಸಾಬ ಪದ್ಮಾವತಮ್ಮನವರನ್ನು ಕೇಳಿ ಪರವಾನಗಿ ತಂದ, ಅಪ್ಪನೊಬ್ಬನಿಗೆ. ಕರಕಿ ಯಾವುದಕ್ಕೆ ಸಾಯುತ್ತದೆ ಎಂದು ಬದುಕಿಡೀ ಹುಡುಕಿದವನಿಗೆ ಅದು ಯಾವುದಕ್ಕೆ ಬದುಕುತ್ತದೆ ಎಂಬುದೂ ಗೊತ್ತಿತ್ತು. ಗೆಣ್ಣು ಲೆಕ್ಕಕ್ಕೆ ಕತ್ತರಿಸಿ, ಸಾಲು ಹಿಡಿದು ಊರಿ, ಕಾಲಿನಿಂದ ಒತ್ತಿ, ನಸುಕಿಗೊಮ್ಮೆ ಸಂಜೆಗೊಮ್ಮೆ ನೀರು ಚಿಮುಕಿಸಿದ. ಮನೆಗೆ ಬಂದು ಕಾಲು ತೊಳೆಯುತ್ತ ನನಗೊಂದು ಆಣೆ ಹಾಕಿದ: “ಊರಾಗ ಯಾರ ಮುಂದೂ ಬಾಯಿ ಬಿಡಬ್ಯಾಡ. ಹನುಮಪ್ಪ ಕರಕಿ ಹಚ್ಚಿದ ಅಂದ್ರ ನನ್ನ ಯಾರೂ ಹೊಲದ ಬದುವಿಗೂ ಬಿಟ್ಟುಕೊಳ್ಳಂಗಿಲ್ಲ.” ಈಗ ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಆ ದಿನಗಳಲ್ಲಿ ನಾನು ಪಾರ್ಕಿನ ಹೊರಗೆ, ಕಂಬಿಗೆ ಬೆನ್ನು ಕೊಟ್ಟು ಕಲ್ಲಿನ ಮೇಲೆ ಕೂತು ಓದುತ್ತಿದ್ದೆ. ಅಕ್ಷತಾ ಕಂಬಿಯಲ್ಲಿ ಮೂಗು ತೂರಿಸಿ, “ತಾತಾ, ಹುಲ್ಲು ಬಂತಾ?” ಎನ್ನುವಳು. “ನಾಳಿ ಬರ್ತೈತಿ ತಡಿ,” ಎನ್ನುವನು ಒಳಗಿನಿಂದ. ಎರಡು ವಾರವಾಗುವಷ್ಟರಲ್ಲಿ ಕೆಂಪು ಮಣ್ಣಿನ ಮೇಲೆ ಹಸಿರು ಹೊಲಿಗೆ ಹಾಕಿದಂತೆ ಕಾಣತೊಡಗಿತು. ಒಂದು ಬೆಳಿಗ್ಗೆ ಪದ್ಮಾವತಮ್ಮ ನಡಿಗೆ ನಿಲ್ಲಿಸಿ, ಬಗ್ಗಿ, ಬೆರಳಲ್ಲಿ ಚಿಗುರು ಮುಟ್ಟಿದರು.

“ಪೆದ್ದಾಯನಾ,” ಎಂದರು. ತೆಲುಗಿನಲ್ಲಿ ಹಿರಿಯರೇ ಎಂಬ ಮರ್ಯಾದೆಯ ಮಾತು. “ನಿಮ್ಮ ಹೆಸರೇನು?”

“ಹನುಮಪ್ಪ ಅಂತಾರ್ರಿ.”

“ಹನುಮಪ್ಪನವರೇ, ಮಗಳನ್ನ, ಪಾಪುನ್ನ ಹೊರಗೆ ಯಾಕೆ ಕೂರಿಸಿದ್ದೀರಿ? ಒಳಗೆ ಕರೀರಿ.”

ಆ ಊರಿನಲ್ಲಿ ಅಪ್ಪನನ್ನು ಹೆಸರು ಹಿಡಿದು ಮೊದಲು ಕರೆದವರು ಅವರೇ. ಅವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಅಕ್ಷತಾ ಆಗಲೇ ಜಾರುಬಂಡಿಯ ಮೆಟ್ಟಿಲ ಮೇಲಿದ್ದಳು.

ಪರೀಕ್ಷೆ ಬರೆದೆ. ಪಾಸಾದೆ. ಎಷ್ಟು ಅಂಕವೆಂದು ಕೇಳಬೇಡಿ, ಅಂಚಿನಲ್ಲಿ ದಾಟಿದೆ. ದಾಟಿದವಳಿಗೆ ಅಂಚೂ ನೆಲವೇ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು ಎಂದು ಗಟ್ಟಿಯಾಗಿಯೇ ಹೇಳುತ್ತೇನೆ.

ಕುಷ್ಟಗಿಯ ಕಾಲೇಜಿನಿಂದ ಸರ್ಟಿಫಿಕೇಟು ತಂದ ವಾರ ಅತ್ತೆ ದ್ಯಾಮವ್ವ ತಾನೇ ಬಸ್ ಹತ್ತಿ ಬಂದಳು, ಕಣ್ಣಾರೆ ನೋಡದೆ ನಂಬುವವಳಲ್ಲ. ಮನೆಯಲ್ಲಿ ಬೇಡ, ಪಾರ್ಕಿನಲ್ಲೇ ತೋರಿಸು ಎಂದ ಅಪ್ಪ. ಬೇವಿನ ನೆರಳಿಗೆ ಹೋದೆವು. ಕೂರುವ ಮೊದಲೇ ಅತ್ತೆ ನೆಲ ನೋಡಿ ಸೆರಗು ಬಾಯಿಗಿಟ್ಟಳು.

“ಅಯ್ಯ ನನ ಶಿವನ! ಕರಕಿ! ತಮ್ಮಾ, ಯಾವನೋ ಇದನ್ನ ಇಷ್ಟು ಛಂದ ಜ್ವಾಪಾನ ಮಾಡ್ಯಾನ?”

ಅಪ್ಪ ಅಳಿಲು ನೋಡುತ್ತಿದ್ದ. “ಯಾವನೋ ಮಬ್ಬ ಇರಬೇಕು ಬಿಡಕ್ಕ,” ಎಂದ. ಆಚೆ ಖಾಜಾಸಾಬ ಪೈಪು ಬಿಟ್ಟು ನಗತೊಡಗಿದ.

ನಾನು ಸರ್ಟಿಫಿಕೇಟನ್ನು ಅತ್ತೆಯ ಎರಡೂ ಕೈಗೆ ಕೊಟ್ಟೆ. ಓದು ಬಾರದವಳು ಅಕ್ಷರಗಳ ಮೇಲೆ ಬೆರಳು ಆಡಿಸುತ್ತ ಹೋದಳು. ನನ್ನ ಹೆಸರು ಎಲ್ಲಿ ಎಂದಳು, ತೋರಿಸಿದೆ. ಅಲ್ಲಿ ಬೆರಳು ಸುಮಾರು ಹೊತ್ತು ನಿಂತಿತು. “ಇನ್ನ ಊರಿಗಿ ಬರ್ತೀಯೇನು?” ಎಂದಳು ಮೆಲ್ಲಗೆ. ಊರಿನ ಕಟ್ಟೆ ನೆನಪಾಯಿತು. ಕೈಯಡಿ ಹುಲ್ಲು ತಂಪಗಿತ್ತು. ಜೋಕಾಲಿಯ ಮೇಲಿಂದ ಅಕ್ಷತಾ ತೆಲುಗಿನಲ್ಲಿ ಯಾರನ್ನೋ ಕರೆಯುತ್ತಿದ್ದಳು.

ಅತ್ತೆ ನನ್ನ ಮುಖ ನೋಡಿದಳು, ಜೋಕಾಲಿಯ ಕಡೆ ನೋಡಿದಳು. ಆಮೇಲೆ ಕತ್ತು ಓರೆ ಮಾಡಿ ಎಡಗಿವಿಯ ಬೆಂಡೋಲಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮಡಿಸಿದಳು.

“ಮಾತ ಕೊಟ್ಟೀನಿ, ತೊಗೋ. ಇದು ಕಲತದ್ದಕ್ಕ. ಇನ್ನೊಂದು ನನ್ನ ಕಿವ್ಯಾಗ ಇರ್ಲಿ. ನೀ ತಿರುಗಿ ಊರಿಗಿ ಬಂದ ದಿನ ಬಿಚ್ಚತೀನಿ.”